ಹಳೆಯ ಅಪಾರ್ಟ್‌ಮೆಂಟ್: ರಿಪೇರಿಯೋ, ಜೆಡಿಯೋ, ನಾವೇ ಕಟ್ಟಿಸುವುದೋ, ಮಾರಿಬಿಡುವುದೋ?

ಬೆಂಗಳೂರಿನ ಜಯನಗರ, ಮಲ್ಲೇಶ್ವರ, ರಾಜಾಜಿನಗರ, ಇಂದಿರಾನಗರಗಳಲ್ಲಿ 1980-90ರ ದಶಕದಲ್ಲಿ ಎದ್ದ ಮೂರು-ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳಿಗೆ ಈಗ ಮೂವತ್ತು ದಾಟಿದೆ. ಲಿಫ್ಟ್ ಇಲ್ಲ, ಹದಿನಾರು ಮನೆಗೆ ಎಂಟು ಕಾರು ನಿಲ್ಲುವ ಜಾಗ, ಬಾತ್‌ರೂಮಿನ ಕೆಳಗಿನ ಮನೆಯವರ ಜೊತೆ ಮುಗಿಯದ ಜಗಳ. ಬಿಲ್ಡರ್ ಒಬ್ಬರು ಬಂದು ‘ಫಿಫ್ಟಿ-ಫಿಫ್ಟಿ ಕೊಡ್ತೀವಿ’ ಅಂದ ದಿನದಿಂದ ಸಂಘದ ಸಭೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಆದರೆ ರಿಪೇರಿ, ಜೆಡಿ ಅಂದರೆ ಬಿಲ್ಡರ ಜೊತೆಗಿನ ಜಂಟಿ ಅಭಿವೃದ್ಧಿ, ನಾವೇ ಕಟ್ಟಿಸುವುದು, ಒಟ್ಟಿಗೆ ಮಾರುವುದು ಎಂಬ ನಾಲ್ಕು ದಾರಿಗಳಲ್ಲಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎನ್ನುವುದು ಕಟ್ಟಡದ ವಯಸ್ಸಿಗಿಂತ ಹೆಚ್ಚಾಗಿ ಗೇಟಿನ ಮುಂದಿನ ರಸ್ತೆಯ ಅಗಲದಿಂದ ತೀರ್ಮಾನವಾಗುತ್ತದೆ. ಹಾಗಾಗಿ ಬಿಲ್ಡರನ್ನು ಕರೆಯುವ ಮೊದಲು ಟೇಪು ತನ್ನಿ.

ರಸ್ತೆ ಅಳೆದರೆ ಅರ್ಧ ಉತ್ತರ ಸಿಕ್ಕಿತು

ಒಂದು ನಿವೇಶನದಲ್ಲಿ ಒಟ್ಟು ಎಷ್ಟು ಕಟ್ಟಬಹುದು ಎಂಬುದನ್ನು ಎಫ್‌ಎಆರ್ ಹೇಳುತ್ತದೆ. ಎಫ್‌ಎಆರ್ 2 ಇದ್ದರೆ 10,000 ಚದರ ಅಡಿ ಜಾಗದಲ್ಲಿ ಎಲ್ಲ ಅಂತಸ್ತು ಸೇರಿ 20,000 ಚದರ ಅಡಿ. 2007ರಲ್ಲಿ ಮಂಜೂರಾದ ‘ಪರಿಷ್ಕೃತ ಮಹಾಯೋಜನೆ 2015’ರಲ್ಲಿ ವಸತಿ ಕಟ್ಟಡಗಳಿಗೆ ಇದು 1.75ರಿಂದ 3.25ರವರೆಗೆ ಇದೆ. ನಿವೇಶನದ ವಿಸ್ತೀರ್ಣಕ್ಕೆ ಒಂದು ಅಂಕಿ, ರಸ್ತೆಯ ಅಗಲಕ್ಕೆ ಒಂದು ಅಂಕಿ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮದು. ಜಾಗ ಎಷ್ಟೇ ದೊಡ್ಡದಿರಲಿ, ಮುಂದೆ 30 ಅಡಿ ರಸ್ತೆ ಇದ್ದರೆ ಮೂಲ ಎಫ್‌ಎಆರ್ 1.75ಕ್ಕೇ ನಿಲ್ಲುತ್ತದೆ.

ರಸ್ತೆಯ ಅಗಲಕ್ಕೆ ತಕ್ಕಂತೆ ಎಫ್‌ಎಆರ್ ಏರುವ ಮೆಟ್ಟಿಲುಗಳು 12, 18, 24, 30 ಮೀಟರಿನವು. ನಮ್ಮೂರಿನ ರಸ್ತೆಗಳು ಅಡಿಯ ಲೆಕ್ಕದವು. 40 ಅಡಿ ಅಂದರೆ 12.19 ಮೀಟರ್, 60 ಅಡಿ ಅಂದರೆ 18.29 ಮೀಟರ್. ಎರಡೂ ಮೆಟ್ಟಿಲನ್ನು ಕೂದಲೆಳೆಯಲ್ಲಿ ದಾಟುತ್ತವೆ. ಎದುರು ಮನೆಯವರು ಮೋರಿಯ ಮೇಲೆ ಒಂದಡಿ ಕಾಂಪೌಂಡ್ ತಂದಿದ್ದರೆ 60 ಅಡಿ ರಸ್ತೆ 59 ಅಡಿಯಾಗುತ್ತದೆ, 17.98 ಮೀಟರ್, ಅಂದರೆ ಒಂದು ಮೆಟ್ಟಿಲು ಕೆಳಗೆ. ‘ಸಿಕ್ಸ್ಟಿ ಫೀಟ್ ರೋಡು’ ಎಂದು ಫಲಕದಲ್ಲಿ ಬರೆದಿದ್ದನ್ನು ನಂಬಿ ಲೆಕ್ಕ ಹಾಕಿದವರು ನಕ್ಷೆ ಮಂಜೂರಾತಿಯ ಹೊತ್ತಿಗೆ ಎಡವುವುದು ಇಲ್ಲೇ. ನಿವೇಶನದ ಉದ್ದಕ್ಕೂ ಮೂರು-ನಾಲ್ಕು ಕಡೆ, ಒಂದು ಬದಿಯ ಕಾಂಪೌಂಡಿನಿಂದ ಎದುರಿನ ಕಾಂಪೌಂಡಿನವರೆಗೆ ಅಳತೆ ತೆಗೆಸಿ, ಸರ್ವೇಯರಿಂದ ಬರೆಸಿಟ್ಟುಕೊಳ್ಳಿ.

ಈಗ ಒಂದು ಮಾದರಿ ಲೆಕ್ಕ. ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು; ನಿಮ್ಮ ಬಡಾವಣೆಯ ದರ ಹಾಕಿ ಮತ್ತೆ ಮಾಡಿ, ಕ್ರಮ ಬದಲಾಗದು. ಜಾಗ 12,000 ಚದರ ಅಡಿ. ಹಳೆಯ ಮನೆ 16, ತಲಾ 1,100 ಚದರ ಅಡಿ ಸೂಪರ್ ಬಿಲ್ಟ್‌ಅಪ್ (ಮೆಟ್ಟಿಲು, ಓಣಿಯಂಥ ಸಾಮಾನ್ಯ ಜಾಗದ ಪಾಲೂ ಸೇರಿ), ಒಟ್ಟು 17,600. ಎಫ್‌ಎಆರ್ ವಿಸ್ತೀರ್ಣದ 1.25 ಪಟ್ಟು ಮಾರಾಟದ ವಿಸ್ತೀರ್ಣ ಬರುತ್ತದೆ, ಕಟ್ಟುವ ಖರ್ಚು ಚದರ ಅಡಿಗೆ ₹3,000, ಮಾರುವ ದರ ₹10,000 ಎಂದುಕೊಳ್ಳೋಣ. ಕಟ್ಟುವ 30 ತಿಂಗಳು ಪ್ರತಿ ಮನೆಗೆ ₹35,000 ಬಾಡಿಗೆ ಕೊಟ್ಟರೆ ಅದೇ ₹1.68 ಕೋಟಿ.

30 ಅಡಿ ರಸ್ತೆ, ಎಫ್‌ಎಆರ್ 1.75: ಕಟ್ಟಬಹುದಾದದ್ದು 21,000, ಮಾರಾಟದ ಲೆಕ್ಕದಲ್ಲಿ 26,250 ಚದರ ಅಡಿ. ಹಳೆಯವರಿಗೆ ಅಷ್ಟಕ್ಕಷ್ಟೇ ಕೊಟ್ಟರೂ ಬಿಲ್ಡರಿಗೆ ಉಳಿಯುವುದು 8,650 ಚದರ ಅಡಿ, ₹8.65 ಕೋಟಿ. ಖರ್ಚು: ಕಟ್ಟಲು ₹7.88 ಕೋಟಿ, ಬಾಡಿಗೆ ₹1.68 ಕೋಟಿ, ಕೆಡವುವುದು, ಶುಲ್ಕ, ಬಡ್ಡಿ ಸೇರಿ ₹1.5 ಕೋಟಿ. ಒಟ್ಟು ಸುಮಾರು ₹11.06 ಕೋಟಿ. ಕೈಯಿಂದ ₹2.4 ಕೋಟಿ ಹೋಗುತ್ತದೆ. ಯಾವ ಬಿಲ್ಡರೂ ಬರುವುದಿಲ್ಲ. ಬಂದರೆ ಅವರ ಲೆಕ್ಕದಲ್ಲಿ ನಿಮಗೆ ಕಾಣದ ಒಂದು ಅಂತಸ್ತು ಇದೆ ಎಂದರ್ಥ.

60 ಅಡಿ ರಸ್ತೆ, ಎಫ್‌ಎಆರ್ 2.5: ಕಟ್ಟಬಹುದಾದದ್ದು 30,000, ಮಾರಾಟದ ಲೆಕ್ಕದಲ್ಲಿ 37,500. ಬಿಲ್ಡರಿಗೆ 19,900 ಚದರ ಅಡಿ, ₹19.9 ಕೋಟಿ. ಕಟ್ಟಲು ₹11.25 ಕೋಟಿ, ಬಾಡಿಗೆ ₹1.68 ಕೋಟಿ, ಇತರೆ ₹2 ಕೋಟಿ, ಒಟ್ಟು ₹14.93 ಕೋಟಿ. ಉಳಿತಾಯ ಸುಮಾರು ₹5 ಕೋಟಿ.

ಶೇಕಡಾವಾರು ಪಾಲಿನ ಮಾತು ಎಷ್ಟು ಪೊಳ್ಳು ಎನ್ನುವುದು ಇಲ್ಲಿ ಕಾಣುತ್ತದೆ. ಮೊದಲನೆಯದರಲ್ಲಿ ಮಾಲೀಕರ ಪಾಲು ಶೇ 67, ಆದರೂ ಸಿಕ್ಕಿದ್ದು ಹಳೆಯಷ್ಟೇ ಮನೆ. ಎರಡನೆಯದರಲ್ಲಿ ಪಾಲು ಶೇ 47, ಸಿಕ್ಕಿದ್ದು ಅಷ್ಟೇ ಮನೆ, ಬಿಲ್ಡರಿಗೆ ಐದು ಕೋಟಿ. ಇಲ್ಲಿ ಪ್ರತಿ ಮನೆಗೆ ಇನ್ನೂ 110 ಚದರ ಅಡಿ ಕೇಳಿದರೂ ಅವರ ಉಳಿತಾಯ ₹3.2 ಕೋಟಿಯ ಸುತ್ತ ನಿಲ್ಲುತ್ತದೆ, ಚೌಕಾಸಿಗೆ ಜಾಗವಿದೆ. ಹಾಗೆಯೇ, 30 ಅಡಿ ರಸ್ತೆಯಲ್ಲೂ ಮಾರುವ ದರ ₹15,000 ಇರುವ ಬಡಾವಣೆಯಾದರೆ ನಷ್ಟವಿದ್ದ ಲೆಕ್ಕ ಸುಮಾರು ₹1.9 ಕೋಟಿ ಲಾಭಕ್ಕೆ ತಿರುಗುತ್ತದೆ. ನೆಲದ ಬೆಲೆ ಹೆಚ್ಚಿದ್ದ ಕಡೆ ಮಾತ್ರ ಕಿರಿದಾದ ರಸ್ತೆಯಲ್ಲಿ ಜೆಡಿ ನಡೆಯುತ್ತಿರುವುದಕ್ಕೆ ಕಾರಣ ಇದೇ.

ಮೂಲ ಎಫ್‌ಎಆರ್ ಸಾಲದಿದ್ದಾಗ ಬಿಲ್ಡರು ಟಿಡಿಆರ್ ಅಥವಾ ಪ್ರೀಮಿಯಂ ಎಫ್‌ಎಆರ್ ಕೊಂಡು ಸೇರಿಸುತ್ತಾರೆ. ಮೊದಲನೆಯದು ರಸ್ತೆ ಅಗಲೀಕರಣದಂಥ ಕೆಲಸಕ್ಕೆ ಜಾಗ ಬಿಟ್ಟವರಿಗೆ ಸಿಕ್ಕ ಹಕ್ಕುಪತ್ರ. ಎರಡನೆಯದು ಸರ್ಕಾರಕ್ಕೆ ಮಾರ್ಗಸೂಚಿ ದರದ ಇಂತಿಷ್ಟು ಭಾಗ ಕಟ್ಟಿ ಪಡೆಯುವುದು. ಎರಡಕ್ಕೂ ರಸ್ತೆ ಅಗಲದ ಮಿತಿ ಇದೆ, ನಿಯಮ ಆಗಾಗ ಬದಲಾಗಿದೆ. ನಕ್ಷೆ ಸಲ್ಲಿಸುವ ದಿನ ಜಾರಿಯಲ್ಲಿರುವ ಆದೇಶವನ್ನೇ ನೋಡಿ. ‘ಟಿಡಿಆರ್ ಹಾಕ್ತೀವಿ’ ಎನ್ನುವ ಬಿಲ್ಡರನ್ನು ಕೇಳಬೇಕಾದದ್ದು ಎರಡೇ: ಆ ಖರ್ಚು ಯಾರದು, ಹೆಚ್ಚುವರಿ ಜಾಗದಲ್ಲಿ ನಮ್ಮ ಪಾಲೆಷ್ಟು.

ಎಫ್‌ಎಆರ್ ಇದ್ದಮಾತ್ರಕ್ಕೆ ಪೂರ್ತಿ ಬಳಸಲಾಗುವುದೂ ಇಲ್ಲ. ಎತ್ತರ ಏರಿದಂತೆ ಸುತ್ತ ಬಿಡಬೇಕಾದ ಜಾಗ ಏರುತ್ತದೆ. ಉದ್ದ ಜಾಸ್ತಿ ಅಗಲ ಕಡಿಮೆ ಇರುವ ನಿವೇಶನದಲ್ಲಿ ಎರಡೂ ಪಕ್ಕ ಬಿಟ್ಟು ಉಳಿದದ್ದು ಓಣಿಯಂತಿರುತ್ತದೆ. ಎಚ್‌ಎಎಲ್, ಜಕ್ಕೂರು, ಯಲಹಂಕದ ಸುತ್ತ ವಿಮಾನದ ಎತ್ತರ ಮಿತಿ ಬೇರೆ. ಸ್ವತಂತ್ರ ಆರ್ಕಿಟೆಕ್ಟ್ ಒಬ್ಬರಿಂದ ಸಂಘದ ದುಡ್ಡಿನಲ್ಲೇ ಒಂದು ಸಾಧ್ಯತಾ ವರದಿ ಮಾಡಿಸಿ. ಬಿಲ್ಡರ್ ಕೊಟ್ಟ ಪುಕ್ಕಟೆ ವರದಿ ಅವರ ಲೆಕ್ಕ, ನಿಮ್ಮದಲ್ಲ.

ಸಹಿ

ಎರಡನೆಯ ಪರೀಕ್ಷೆ ಒಪ್ಪಿಗೆಯದು. ಮಹಾರಾಷ್ಟ್ರದಲ್ಲಿ ಸಹಕಾರ ಸಂಘದ ಸದಸ್ಯರ ಶೇ 51ರ ಬಹುಮತ, ಗುಜರಾತಿನಲ್ಲಿ 25 ವರ್ಷ ದಾಟಿದ ಕಟ್ಟಡಕ್ಕೆ ಶೇ 75, ತಮಿಳುನಾಡಿನ 2022ರ ಕಾಯ್ದೆಯಲ್ಲಿ ಮೂರನೇ ಎರಡು ಭಾಗ ಸಾಕು. ಮುಂಬೈಯಲ್ಲಿರುವ ಅಣ್ಣನೋ ತಂಗಿಯೋ ‘ನಮ್ಮಲ್ಲಿ ಆಯ್ತಲ್ಲ’ ಅನ್ನುವುದು ಅದಕ್ಕೆ. ನಮ್ಮ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಬಂದ ಕಟ್ಟಡವನ್ನು ಆ ಕಾಯ್ದೆಯಿಂದ ಹೊರತೆಗೆಯಲು ಎಲ್ಲ ಮಾಲೀಕರೂ ಸಹಿ ಹಾಕಬೇಕು. ಕಾಯ್ದೆಯಡಿ ನೋಂದಾಯಿಸದೆ ಬರೀ ಸಂಘಗಳ ಕಾಯ್ದೆಯಡಿ ಇರುವ ಕಟ್ಟಡದಲ್ಲೂ ನೆಲ ಎಲ್ಲರ ಜಂಟಿ ಸ್ವತ್ತೇ. ಹದಿನೈದು ಸಹಿ ಇದ್ದು ಹದಿನಾರನೆಯದು ಇಲ್ಲದಿದ್ದರೆ ಜೆಡಿ ಇಲ್ಲ, ಮಾರಾಟವೂ ಇಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಪಟ್ಟಿ. ಪ್ರತಿ ಮನೆಗೂ ಕ್ರಯಪತ್ರ, ಯುಡಿಎಸ್ ಅಂದರೆ ನೆಲದಲ್ಲಿ ಆ ಮನೆಯ ಅವಿಭಜಿತ ಪಾಲು, ಇ-ಖಾತೆ, ಋಣಭಾರ ಪತ್ರ, ಬ್ಯಾಂಕ್ ಸಾಲ, ಬಾಡಿಗೆದಾರರು, ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು. ಎಲ್ಲ ಯುಡಿಎಸ್ ಕೂಡಿಸಿ ನೋಡಿ. ಶೇ 100 ಆಗದೆ ಶೇ 94 ಬಂದರೆ ಮೂಲ ಬಿಲ್ಡರ್ ಒಂದು ಪಾಲು ತನ್ನ ಹೆಸರಲ್ಲೇ ಉಳಿಸಿಕೊಂಡಿದ್ದಾನೆ. ಅವನ ಅಥವಾ ಅವನ ವಾರಸುದಾರರ ಸಹಿಯೂ ಬೇಕು. ಶೇ 104 ಬಂದರೆ ತಾರಸಿಯ ಮೇಲಿನ ಮನೆಯನ್ನು ಆಮೇಲೆ ಸೇರಿಸಿ ಮಾರಿರುತ್ತಾರೆ. ತಿದ್ದುಪಡಿ ಪತ್ರದಲ್ಲಿ ಸರಿಮಾಡದೆ ಯಾವ ವಕೀಲರೂ ಹಕ್ಕು ಶುದ್ಧವಿದೆ ಎಂದು ಬರೆದುಕೊಡಲಾರರು. ಇದಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಿ.

ಅಮೆರಿಕದಲ್ಲಿರುವ ಮಗನ ಹೆಸರಿನ ಫ್ಲ್ಯಾಟಿಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಬೇಕು. ಅದು ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ತಪ್ಪಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುವವರು ಬಹಳ.

ರಿಪೇರಿ ಯಾವಾಗ ಸಾಕು

ಸಹಿ ಆಗದ, ಲೆಕ್ಕ ಕೂಡದ ಕಟ್ಟಡಗಳಿಗೆ ಇದೇ ದಾರಿ. ಅದಕ್ಕೆ ನಾಚಿಕೊಳ್ಳಬೇಕಿಲ್ಲ, ಸರಿಯಾಗಿ ಮಾಡಿದರೆ ಹದಿನೈದು-ಇಪ್ಪತ್ತು ವರ್ಷ ಸಿಗುತ್ತದೆ.

ಮೊದಲು ಕಾಂಕ್ರೀಟಿನ ತಪಾಸಣೆ. ಸುತ್ತಿಗೆಯಂಥ ಉಪಕರಣದ ರೀಬೌಂಡ್ ಪರೀಕ್ಷೆ ಮೇಲ್ಮೈಯ ಮಾತಷ್ಟೇ ಹೇಳುತ್ತದೆ. ಅದೊಂದನ್ನೇ ಮಾಡಿ ವರದಿ ಕೊಡುವವರನ್ನು ನಂಬಬೇಡಿ. ಕಾಂಕ್ರೀಟಿನೊಳಗೆ ಹಾಯುವ ಅಲ್ಟ್ರಾಸಾನಿಕ್ ಅಲೆಯ ವೇಗ ಸೆಕೆಂಡಿಗೆ 3.5 ಕಿಲೋಮೀಟರ್ ಮೇಲಿದ್ದರೆ ಒಳ್ಳೆಯದು, 3ಕ್ಕಿಂತ ಕೆಳಗಿದ್ದರೆ ಅನುಮಾನ. ಅನುಮಾನವಿದ್ದ ಕಡೆ ಕೋರ್, ಅಂದರೆ ಕಾಂಕ್ರೀಟಿನ ಒಂದು ತುಂಡು, ಕೊರೆದು ತೆಗೆಸಿ ಪರೀಕ್ಷಿಸಬೇಕು. ಕಾಂಕ್ರೀಟಿನ ಹೊಸ ಒಡಕಿಗೆ ಫಿನಾಲ್ಫ್ತಲೀನ್ ಚಿಮುಕಿಸಿದರೆ ಗುಲಾಬಿ ಬಂದ ಭಾಗ ಇನ್ನೂ ಕಬ್ಬಿಣವನ್ನು ಕಾಯುತ್ತಿದೆ, ಬಣ್ಣ ಬಾರದ ಭಾಗ ಆ ಶಕ್ತಿ ಕಳೆದುಕೊಂಡಿದೆ. ಬಣ್ಣ ಬಾರದ ಆಳ ಕಂಬಿಯನ್ನು ಮುಟ್ಟಿದ್ದರೆ ತುಕ್ಕು ಬರೀ ಸಮಯದ ಮಾತು. ಆ ಕಾಲದ ಕಟ್ಟಡಗಳಲ್ಲಿ ಎಂ15 ದರ್ಜೆಯ ಕಾಂಕ್ರೀಟು ಸಾಮಾನ್ಯ (ಅಂಕಿ ಹೆಚ್ಚಿದಷ್ಟು ಗಟ್ಟಿ). ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಬಂದ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ20. ಹಳೆಯದು ಎಂ15 ಇದೆ ಎಂದ ಮಾತ್ರಕ್ಕೆ ಕಟ್ಟಡ ಬೀಳುವುದಿಲ್ಲ, ಅದನ್ನು ತೋರಿಸಿ ಹೆದರಿಸುವವರಿದ್ದಾರೆ. ಎಲ್ಲಿ, ಎಷ್ಟು ಕಂಬ ಕೆಟ್ಟಿದೆ ಎನ್ನುವುದೇ ಮುಖ್ಯ.

ಬಾಲ್ಕನಿ, ಸಜ್ಜ, ಬಾತ್‌ರೂಮಿನ ತಗ್ಗು ಸ್ಲ್ಯಾಬು, ತಾರಸಿಯ ನೀರಿನ ಟ್ಯಾಂಕಿನ ಕೆಳಭಾಗ ಕೆಟ್ಟಿದ್ದರೆ ರಿಪೇರಿ. ನೆಲಮಹಡಿಯ ಕಂಬಗಳಲ್ಲಿ ಉದ್ದುದ್ದ ಬಿರುಕು, ಒಳಗೆ ತುಕ್ಕು ಅನ್ನುವಂತಿದ್ದರೆ ಕಂಬಕ್ಕೆ ಜಾಕೆಟಿಂಗ್, ಅಂದರೆ ಸುತ್ತ ಹೊಸ ಕವಚ, ಬೇಕು, ಖರ್ಚು ಏರುತ್ತದೆ. ಬಲಪಡಿಸುವ ಅಂದಾಜು ಹೊಸದಾಗಿ ಕಟ್ಟುವ ಖರ್ಚಿನ ಮೂರನೇ ಒಂದು ಭಾಗ ದಾಟಿದರೆ ರಿಪೇರಿ ಮಾಡಿಸಬೇಡಿ ಎನ್ನುವುದು ನಮ್ಮ ಅಭಿಪ್ರಾಯ. ಅಷ್ಟು ಸುರಿದ ಮೇಲೂ ಲಿಫ್ಟ್ ಇರುವುದಿಲ್ಲ, ಕಾರಿಗೆ ಜಾಗ ಇರುವುದಿಲ್ಲ.

ಕೆಲಸ ಕೆಡುವುದು ಹೀಗೆ: ಉದುರಿದ ಜಾಗಕ್ಕೆ ತುಕ್ಕಿನ ಮೇಲೆಯೇ ಸಿಮೆಂಟ್ ಮೆತ್ತುತ್ತಾರೆ, ಎರಡು ಮಳೆಗಾಲದಲ್ಲಿ ಮತ್ತೆ ಉದುರುತ್ತದೆ. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಕಾಂಕ್ರೀಟ್ ಒಡೆದು, ತುಕ್ಕು ಪೂರ್ತಿ ಉಜ್ಜಿ, ಕಂಬಿ ಸವೆದಿದ್ದರೆ ಪಕ್ಕಕ್ಕೆ ಹೊಸದು ಕಟ್ಟಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಗಾರೆಯನ್ನು ಪದರ ಪದರವಾಗಿ ತುಂಬಬೇಕು. ಒಡೆಯುವ ಮೊದಲು ಕೆಳಗಿನ ಎಲ್ಲ ಅಂತಸ್ತಿನಲ್ಲೂ ಜಾಕಿ ಕೊಟ್ಟಿರಬೇಕು. ಒಂದು ಮನೆಯವರು ‘ನಮ್ಮ ಹಾಲಲ್ಲಿ ಬೇಡ’ ಅಂದರೆ ಕೆಲಸ ಶುರುಮಾಡಕೂಡದು. ತಾರಸಿಯ ಮೇಲೆ ಸೋರಿದಾಗಲೆಲ್ಲ ಹಾಕಿದ ಗಾರೆಯ ಪದರಗಳು ಒಂದರ ಮೇಲೊಂದು ಕೂತು ಭಾರವಾಗಿರುತ್ತವೆ. ಅವನ್ನೆಲ್ಲ ತೆಗೆದೇ ಹೊಸದಾಗಿ ನೀರು ತಡೆಯುವ ಪದರ ಹಾಕಿಸಿ, ಮಳೆ ಹಿಡಿಯುವ ಮೊದಲು ಮುಗಿಸಿ.

ಜೆಡಿ: ಒಪ್ಪಂದದಲ್ಲೇ ಎಲ್ಲ

ಲೆಕ್ಕ ಕೂಡಿ, ಸಹಿಯೂ ಇದ್ದರೆ ಹೆಚ್ಚಿನವರಿಗೆ ಹೊಂದುವುದು ಜಂಟಿ ಅಭಿವೃದ್ಧಿ. ದುಡ್ಡು, ಓಡಾಟ, ಮಾರುಕಟ್ಟೆಯ ಅಪಾಯ ಬಿಲ್ಡರದ್ದು. ಅದಕ್ಕೆ ಬದಲಾಗಿ ಉಳಿತಾಯವೂ ಅವರದ್ದು. ಗೊಂದಲವಾಗುವ ಕಡೆಗಳು ಇವು.

ವಿಸ್ತೀರ್ಣ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ 1,100 ಸೂಪರ್ ಬಿಲ್ಟ್‌ಅಪ್‌ನಲ್ಲಿ ಕಾರ್ಪೆಟ್, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, 900ರ ಹತ್ತಿರ ಇದ್ದೀತು. ಹೊಸ ಕಟ್ಟಡದಲ್ಲಿ ಲಿಫ್ಟು, ಲಾಬಿ, ಎರಡು ಮೆಟ್ಟಿಲು, ಜನರೇಟರ್ ಕೋಣೆ ಎಲ್ಲ ಹಂಚಿ ಅದೇ 1,100ಕ್ಕೆ 800 ಬರಬಹುದು. ‘ಅಷ್ಟಕ್ಕಷ್ಟೇ’ ಎಂದು ಒಪ್ಪಿಕೊಂಡವರ ಹೊಸ ಅಡುಗೆಮನೆಯಲ್ಲಿ ಹಳೆಯ ಫ್ರಿಜ್ ಹಿಡಿಸುವುದಿಲ್ಲ. ಒಪ್ಪಂದದಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ವ್ಯಾಖ್ಯಾನದ ಕಾರ್ಪೆಟ್ ವಿಸ್ತೀರ್ಣವನ್ನೇ ಬರೆಸಿ.

ಅಧಿಕಾರ ಪತ್ರ. ಜಿಪಿಎ ಕೊಡದೆ ಬಿಲ್ಡರ್ ನಕ್ಷೆ ಮಂಜೂರು ಮಾಡಿಸಲಾರರು, ಅವರ ಪಾಲು ಮಾರಲಾರರು. ಆದರೆ ಒತ್ತೆ ಇಡುವ ಅಧಿಕಾರ ಅವರ ಪಾಲಿಗೆ ಮಾತ್ರ ಸೀಮಿತ ಎಂದು ಸ್ಪಷ್ಟವಾಗಿರಲಿ. ಮಾರುವ ಹಕ್ಕನ್ನು ಕಟ್ಟಡ ಏರಿದ ಹಾಗೆ ಹಂತ ಹಂತವಾಗಿ ಬಿಡಿ. ಕೊನೆಯ ಒಂದೆರಡು ಫ್ಲ್ಯಾಟಿನ ಕ್ರಯ ಒಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದೆಂಬ ಸ್ವಾಧೀನಾನುಭವ ಪತ್ರ, ಬಂದ ಮೇಲೆಯೇ. ನಕ್ಷೆ ಮಂಜೂರಾದ ಕೂಡಲೇ ಯಾವ ಅಂತಸ್ತಿನ ಯಾವ ಮನೆ, ಯಾವ ಕಾರು ನಿಲುಗಡೆ ಯಾರಿಗೆ ಎಂಬ ಹಂಚಿಕೆ ಪತ್ರ ಪ್ರತ್ಯೇಕವಾಗಿ ಆಗಬೇಕು.

ಭದ್ರತೆ. ವಾಪಸ್ ಕೊಡಬೇಕಾದ ಡಿಪಾಸಿಟ್ಟು, ವಾಪಸ್ ಇಲ್ಲದ ಗುಡ್‌ವಿಲ್ಲು, ಇವೆರಡರ ಮೊತ್ತ ಬೇರೆ ಬೇರೆ ಬರೆಸಿ. ಬಾಡಿಗೆ ‘ಕೆಲಸ ಮುಗಿಯುವವರೆಗೆ’ ಎಂದಿರಬಾರದು, ‘ಒಸಿ ಸಹಿತ ಕೀಲಿ ಕೊಡುವವರೆಗೆ’ ಎಂದಿರಬೇಕು, ವರ್ಷಕ್ಕೊಮ್ಮೆ ಏರಿಕೆ ಸಹಿತ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಸಿ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿದ ಮೇಲೆ ನಕ್ಷೆ ಮೀರಿ ಕಟ್ಟಿದ ಕಟ್ಟಡಕ್ಕೆ ಕರೆಂಟ್ ಸಿಗುವುದೇ ಕಷ್ಟವಾಗಿದೆ. ‘ಒಂದು ಅಂತಸ್ತು ಜಾಸ್ತಿ ಹಾಕೋಣ, ಆಮೇಲೆ ಸಕ್ರಮ ಆಗತ್ತೆ’ ಎಂಬ ಮಾತಿಗೆ ಈಗ ಬೆಲೆಯಿಲ್ಲ.

ರೇರಾ. ಜಾಗ 500 ಚದರ ಮೀಟರ್ ದಾಟಿ, ಮನೆಯೂ ಎಂಟಕ್ಕಿಂತ ಹೆಚ್ಚಿದ್ದು, ಮಾರಾಟವೂ ಇದ್ದರೆ ನೋಂದಣಿ ಕಡ್ಡಾಯ. ಕೊಳ್ಳುವವರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಗೆ ಹೋಗಬೇಕು. ರಚನೆಯ ದೋಷಕ್ಕೆ ಐದು ವರ್ಷ ಹೊಣೆ. ನೆಲದ ಮಾಲೀಕರನ್ನೂ ಪ್ರವರ್ತಕರೆಂದು ಹೆಸರಿಸುವುದುಂಟು, ಆದ್ದರಿಂದ ಮಾರಾಟದ ವಿಳಂಬದ ಹೊಣೆ ಬಿಲ್ಡರದ್ದೇ ಎಂಬ ಷರತ್ತು ಬೇಕೇ ಬೇಕು.

ತೆರಿಗೆ. ಮಾಲೀಕರಿಗೆ ಕಟ್ಟಿಕೊಡುವ ಮನೆಗೂ ಜಿಎಸ್‌ಟಿ ಇದೆ, 2019ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ಶೇ 5. ಮೇಲಿನ ಮಾದರಿಯಲ್ಲಿ ಮನೆಗೆ ಸುಮಾರು ₹5.5 ಲಕ್ಷ. ಯಾರು ಕಟ್ಟಬೇಕೆಂದು ಬರೆಯದಿದ್ದರೆ ಕೀಲಿ ಕೊಡುವ ದಿನ ಆ ಬಿಲ್ಲು ನಿಮ್ಮ ಕೈಗೆ ಬರುತ್ತದೆ. ಬಂಡವಾಳ ಲಾಭದ ತೆರಿಗೆಗೆ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಕ್ಕೂ 2017ರಿಂದ ಒಂದು ಅನುಕೂಲವಿದೆ: ನೋಂದಾಯಿತ ಜೆಡಿಯಾದರೆ ಒಪ್ಪಂದ ಮಾಡಿದ ವರ್ಷವಲ್ಲ, ಪೂರ್ಣತಾ ಪತ್ರ ಬಂದ ವರ್ಷ ಕಟ್ಟಿದರೆ ಸಾಕು. ಅದಕ್ಕೆ ಮುಂಚೆ ತಮ್ಮ ಪಾಲನ್ನು ಮಾರಿಬಿಟ್ಟರೆ ಅನುಕೂಲ ಹೋಯಿತು. ಕಂಪನಿಯ ಹೆಸರಲ್ಲಿರುವ ಫ್ಲ್ಯಾಟಿಗೆ ಇದು ಇಲ್ಲ.

ನಾವೇ ಕಟ್ಟಿಸುವುದು

30 ಅಡಿ ರಸ್ತೆಯ ಲೆಕ್ಕಕ್ಕೆ ಮರಳಿ. ಕೊರತೆ ₹2.4 ಕೋಟಿ, ಹದಿನಾರು ಮನೆಗೆ ಹಂಚಿದರೆ ತಲಾ ₹15 ಲಕ್ಷ. ಬಿಲ್ಡರಿಗೆ ಆಗದ ಈ ಲೆಕ್ಕ ಮಾಲೀಕರಿಗೆ ಆಗುತ್ತದೆ, ಏಕೆಂದರೆ ಅವರಿಗೆ ಲಾಭ ಬೇಕಿಲ್ಲ. ಹದಿನೈದು ಲಕ್ಷಕ್ಕೆ ಲಿಫ್ಟ್, ಕಾರು ನಿಲುಗಡೆ ಸಹಿತ ಹೊಸ ಮನೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ದಾರಿಯಿಲ್ಲ.

ತೊಡಕು ಹಣದ ಹರಿವಿನದು. ಉಳಿಯುವ ಏಳೆಂಟು ಫ್ಲ್ಯಾಟ್ ಮಾರಿ ಬರುವ ₹8.65 ಕೋಟಿ ನಿಧಾನವಾಗಿ ಬರುತ್ತದೆ, ಗುತ್ತಿಗೆದಾರರ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಸಂಘದ ಹೆಸರಿಗೆ ಇಂಥ ಸಾಲ ಸಿಗುವುದು ಕಷ್ಟ. ಮನೆಯವರು ಒಬ್ಬೊಬ್ಬರಾಗಿ ತೆಗೆಯಬೇಕು, ಎಪ್ಪತ್ತು ದಾಟಿದ ನಿವೃತ್ತರಿಗೆ ಅದೂ ಇಲ್ಲ. ಹಾಗಾಗಿ ಶುರುವಿನಲ್ಲೇ ತಲಾ ₹25-30 ಲಕ್ಷ ಹಾಕಿ, ಮಾರಾಟವಾದಂತೆ ಮರಳಿ ಪಡೆಯುವ ಶಕ್ತಿ ಎಲ್ಲರಿಗೂ ಇದ್ದರೆ ಮಾತ್ರ ಕೈಹಾಕಿ. ಮೂರು ಮನೆಯವರು ನಡುವೆ ಕಂತು ನಿಲ್ಲಿಸಿದರೆ ಕೆಲಸ ಎರಡನೇ ಅಂತಸ್ತಿನಲ್ಲಿ ನಿಲ್ಲುತ್ತದೆ. ಒಂದೇ ಒಂದು ಹೊಸ ಫ್ಲ್ಯಾಟನ್ನೂ ಹೊರಗಿನವರಿಗೆ ಮಾರುವುದಿಲ್ಲ, ತಮಗಷ್ಟೇ ಕಟ್ಟಿಕೊಳ್ಳುವುದು ಎಂದರೆ ರೇರಾ ನೋಂದಣಿ ಬೇಕಿಲ್ಲ. ಮಾರುವುದಿದ್ದರೆ ಸಂಘವೇ ಪ್ರವರ್ತಕ.

ಗುತ್ತಿಗೆಯನ್ನು ‘ಚದರಕ್ಕೆ ಇಷ್ಟು’ ಎಂದು ಒಟ್ಟಾರೆ ಕೊಡಬೇಡಿ. ಪ್ರಮಾಣ ಪಟ್ಟಿ ಮಾಡಿಸಿ, ಅಳತೆಗೆ ತಕ್ಕ ಬಿಲ್ಲು, ಶೇ 5 ತಡೆಹಿಡಿದ ಮೊತ್ತ. ಸಂಬಳ ಕೊಟ್ಟು ಒಬ್ಬ ಪ್ರಾಜೆಕ್ಟ್ ಇಂಜಿನಿಯರನ್ನು ಇಡಿ. ಸಂಘದ ಕಾರ್ಯದರ್ಶಿಯ ಪುಕ್ಕಟೆ ಮೇಲ್ವಿಚಾರಣೆ ಕೊನೆಗೆ ದುಬಾರಿಯೇ. ಬೇಸ್‌ಮೆಂಟ್ ಇದ್ದರೆ ಮೊದಲೇ ಮಣ್ಣು ಪರೀಕ್ಷೆ: ಬೆಂಗಳೂರಿನಲ್ಲಿ ಹತ್ತಡಿಗೇ ಬಂಡೆ ಸಿಗುವುದುಂಟು, ಪಕ್ಕದ ಹಳೆಯ ಮನೆಗಳ ನಡುವೆ ಸಿಡಿಮದ್ದು ಇಡುವಂತಿಲ್ಲ.

ಒಟ್ಟಿಗೆ ಮಾರುವುದು

ಮಕ್ಕಳು ವಿದೇಶದಲ್ಲಿ ನೆಲೆಸಿ, ಹೆಚ್ಚಿನ ಮನೆಗಳು ಬಾಡಿಗೆಗೆ ಇದ್ದರೆ ಇದು ಸಲೀಸು. ಬೆಲೆ ಕಟ್ಟುವುದು ನೆಲಕ್ಕೆ, ಹಂಚುವುದು ಯುಡಿಎಸ್ ಪ್ರಕಾರ. ನೆಲಮಹಡಿಯವರಿಗೆ ತೋಟ, ಮೇಲಿನವರಿಗೆ ತಾರಸಿ ಎಂಬ ವಾದ ಎದ್ದರೆ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆದ ಮೇಲೆ ಕೊಳ್ಳುವವರಿಗೆ ಒಟ್ಟು ಸುಮಾರು ಶೇ 7.6 ಖರ್ಚು, ಅದನ್ನು ನಿಮ್ಮ ಬೆಲೆಯಲ್ಲಿ ಇಳಿಸಲು ನೋಡುತ್ತಾರೆ. ಎಲ್ಲರ ನೋಂದಣಿ ಒಂದೇ ದಿನ, ಪೂರ್ತಿ ಹಣ ಕೈಗೆ ಬಂದ ಮೇಲೆ. ಎಂಟು ಮಂದಿ ಇವತ್ತು, ಉಳಿದವರು ಮುಂದಿನ ತಿಂಗಳು ಎಂದರೆ ಉಳಿದವರ ಚೌಕಾಸಿಯ ಶಕ್ತಿ ಅಲ್ಲಿಗೆ ಮುಗಿಯಿತು.

ಖಾಲಿ ಮಾಡುವ ದಿನ

ಜೆಡಿಯಾಗಲಿ ಸ್ವಂತದ್ದಾಗಲಿ, ಮಂಜೂರಾದ ನಕ್ಷೆ ಕೈಗೆ ಬರುವವರೆಗೆ ಯಾರೂ ಮನೆ ಬಿಡಬಾರದು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಅಂಗಳದ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇರೆ ಬೇಕು, ಅದರ ಅರ್ಜಿ ನಕ್ಷೆಯ ಜೊತೆಗೇ ಹೋಗಲಿ. ಕೆಡವುವ ಮುನ್ನ ಅಕ್ಕಪಕ್ಕದ ಮನೆಗಳ ಗೋಡೆ, ಕಾಂಪೌಂಡುಗಳ ಬಿರುಕನ್ನು ಅವರೆದುರೇ ಫೋಟೊ ತೆಗೆದು ಸಹಿ ಮಾಡಿಸಿ. ಪ್ರತಿ ಮನೆಯ ಬೆಸ್ಕಾಂ ಮೀಟರ್ ಬಿಲ್ಲು, ಜಲಮಂಡಳಿಯ ಬಾಕಿ ತೀರಿಸಿ ರಸೀದಿ ಇಟ್ಟುಕೊಳ್ಳಿ, ಕೊಳವೆಬಾವಿಯ ಬಾಯಿ ಮುಚ್ಚಿಸಿ. ಮೂಲ ಕ್ರಯಪತ್ರಗಳು ಬಿಲ್ಡರ ಕಚೇರಿಯ ಕಪಾಟಿಗಲ್ಲ, ಬ್ಯಾಂಕ್ ಲಾಕರಿಗೆ. ಅವರಿಗೆ ದೃಢೀಕೃತ ನಕಲು ಸಾಕು. ಕಟ್ಟಡ ಹೋದ ಮೇಲೂ ಆಸ್ತಿ ತೆರಿಗೆ ನಿಲ್ಲುವುದಿಲ್ಲ, ಖಾಲಿ ಜಾಗದ ಲೆಕ್ಕದಲ್ಲಿ ಬರುತ್ತಲೇ ಇರುತ್ತದೆ. ಒಸಿ ಬರುವವರೆಗೆ ಅದನ್ನು ಯಾರು ಕಟ್ಟಬೇಕೆಂಬ ಒಂದು ಸಾಲನ್ನೂ ಒಪ್ಪಂದಕ್ಕೆ ಸೇರಿಸಿ.